ಆನೆಯ ವಾರಸುದಾರ

ಅಫಜಲಪುರ ತಾಲೂಕಿನ ಭೀಮಾ ದಂಡೆಯ ನಮ್ಮ ಊರಿನಲ್ಲಿ, ಐವತ್ತು ಸಾವಿರ ವರ್ಷಗಳ ಹಿಂದೆ ತೀರಿಕೊಂಡ ಆನೆಯೊಂದು ಕಳೆದ ಜೂನ್ ಇಪ್ಪತ್ತನಾಲ್ಕರಂದು ನಿಯಮಾನುಸಾರ ಮೃತಪಟ್ಟಿತು. ಸದರಿ ಮರಣಕ್ಕೆ ಗ್ರಾಮ ಆಡಳಿತ ಅಧಿಕಾರಿ ವ್ಯಂಕಟೇಶನಾದ ನಾನೇ ಕಾರಣ.

ರೈತ ಜಹೀರುದ್ದೀನ ಹೊಲದಲ್ಲಿ ಕೃಷಿಹೊಂಡ ತೋಡಿಸುವಾಗ ಜೆಸಿಬಿಗೆ ಕರೆಂಟ್ ಕಂಬದಷ್ಟು ದಪ್ಪದ ದಂತ ತಗುಲಿತು. ಕಲಬುರಗಿಯಿಂದ ಭೂವಿಜ್ಞಾನದ ಉಪನ್ಯಾಸಕಿ ಗುಲಫಶಾ ಬಂದು, ಬ್ರಷ್‌ನಿಂದ ಮಣ್ಣು ಸರಿಸಿ, ದವಡೆ, ಹಲ್ಲು, ಪಕ್ಕೆಲುಬು ಎಲ್ಲ ಅಳೆದರು.

"ಇದು ಈಗಿನ ಆನಿಗಳ ಪೂರ್ವಜರ ಪೈಕಿ ಒಂದ್ರಿ. ಇಂಥಾದು ಇಡೀಯಾಗಿ ಸಿಗೋದು ಭಾಳ ಅಪರೂಪ. ಲಗೂನ ವರದಿ ಮಾಡ್ರಿ."

ಅಳೆದ ಹಲ್ಲನ್ನೇ ಮತ್ತೆ ಮತ್ತೆ ಅಳೆಯುತ್ತಿದ್ದರು. ಬಿಸಿಲಿಗೆ ಇರಬೇಕೆಂದುಕೊಂಡೆ.

ವರದಿಯನ್ನು ಕಂಪ್ಯೂಟರಿನಲ್ಲಿ ತುಂಬಬೇಕು. 'ಪತ್ತೆಯಾದ ಪ್ರಾಣಿ' ಎಂಬ ಖಾನೆಯಲ್ಲಿ ಎರಡೇ ಆಯ್ಕೆ: ಜೀವಂತ, ಮೃತ. ಮೃತ ಎಂದರೆ ಮರಣೋತ್ತರ ಪರೀಕ್ಷೆಯ ವರದಿ ಲಗತ್ತಿಸಬೇಕು. ಪಶುವೈದ್ಯೆ ಅನುರಾಧಾ ಅವರಿಗೆ ಫೋನು ಹಚ್ಚಿದೆ.

"ಸತ್ತು ಎಷ್ಟು ತಾಸಾತ್ರಿ?" ಎಂದರು.

ಹೇಳಿದೆ.

"ಇಪ್ಪತ್ನಾಲ್ಕು ತಾಸಿನ ಮ್ಯಾಲಾದ್ರ ನಮಗ ಬರಂಗಿಲ್ರಿ."

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಯಾವ ಖಾನೆಯನ್ನೂ ಖಾಲಿ ಬಿಟ್ಟವನಲ್ಲ. 'ಜೀವಂತ' ಒತ್ತಿದೆ.

ಮೂರನೇ ದಿನ ಜಹೀರುದ್ದೀನರಿಗೆ ನೋಟಿಸು ಬಂತು. ಅನುಮತಿಯಿಲ್ಲದೆ ಆನೆ ಇಟ್ಟುಕೊಂಡಿರುವ ಸದರಿಯವರು ಮುಂದಿನ ಆದೇಶದವರೆಗೆ ಅದಕ್ಕೆ ನೆರಳು, ಮೇವು, ನೀರು ಒದಗಿಸತಕ್ಕದ್ದು; ಆನೆ ಬೆದರುವ ಸಂಭವವಿರುವುದರಿಂದ ಹೊಲದಲ್ಲಿ ಬಿತ್ತನೆ ಕೈಗೊಳ್ಳತಕ್ಕದ್ದಲ್ಲ.

ಮಳೆ ಬಿದ್ದಿತ್ತು. ಸುತ್ತಲಿನವರೆಲ್ಲ ತೊಗರಿ ಬಿತ್ತುತ್ತಿದ್ದರು. ಜಹೀರುದ್ದೀನರ ಹೆಂಡತಿ ಗೌಸಿಯಾಬೇಗಂ ನೋಟಿಸು ಹಿಡಿದು ಚಾವಡಿಗೆ ಬಂದರು.

"ಸಾಹೇಬ್ರ, ಆನಿಗಿ ನೀರು ಯಾವ ಕಡಿ ಹಾಕಬೇಕ್ರಿ? ಬಾಯಿ ಹುಡುಕಿದ್ರ ಬರೀ ದವಡಿ ಅದ."

"ದವಡಿಗೇ ಹಾಕ್ರಿ," ಎಂದೆ.

"ಹಾಕೀವ್ರಿ. ಕುಡೀವಲ್ದು. ನೆಲದಾಗಿನ ಹಸಿ ಆರಿದ್ರ ಬೀಜ ಹುಟ್ಟಂಗಿಲ್ಲ. ಆನಿ ಬೆದರಂಗಿಲ್ಲ ಅಂತ ನಾ ಬರದು ಕೊಡ್ತೇನಿ, ಬಿತ್ತಾಕ ಬಿಡ್ರಿ."

ಅವರ ಮುಖ ನೋಡಲಾಗದೆ ಫೈಲು ನೋಡಿದೆ. ತಪ್ಪಾಯಿತೆಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ತಪ್ಪು ಒಪ್ಪಿಕೊಂಡರೆ ಬಡ್ತಿ ನಿಲ್ಲುತ್ತದೆ. ನನ್ನದು ಒಂಬತ್ತು ವರ್ಷದಿಂದ ನಿಂತೇ ಇತ್ತು, ಆದರೂ ಹೆದರಿದೆ. ಸದರಿ ಆನೆ ಇಂದು ಬೆಳಿಗ್ಗೆ ಹತ್ತೂವರೆಗೆ ಮರಣ ಹೊಂದಿದೆ ಎಂದು ಮೇಲಕ್ಕೆ ವರದಿ ಕಳಿಸಿದೆ.

ಹನ್ನೆರಡಕ್ಕೆ ಅನುರಾಧಾ ಬಂದರು. ಈಗ ಅವಧಿಯೊಳಗಿತ್ತು. ಕೈಗವಸು ಹಾಕಿಕೊಂಡು ಪಕ್ಕೆಲುಬು ತಟ್ಟಿ ನೋಡಿ ಬರೆದರು: ಮರಣದ ಕಾರಣ, ವಯೋಸಹಜ. ಪಂಚರು ಸಹಿ ಹಾಕಿದರು. ಸತ್ತ ಪ್ರಾಣಿಯನ್ನು ಎಂಟು ಅಡಿ ಆಳದಲ್ಲಿ ಹೂಳತಕ್ಕದ್ದು ಎಂದು ನಿಯಮ. ಆನೆ ಆಗಲೇ ಹತ್ತಡಿ ಆಳದಲ್ಲಿದ್ದುದರಿಂದ ಮಣ್ಣೆಳೆಯುವುದಷ್ಟೇ ಬಾಕಿ. ಸುದ್ದಿ ತಿಳಿದ ಗುಲಫಶಾ ಬಸ್ಸಿಳಿದವರೇ ಹೊಲಕ್ಕೆ ಓಡಿ ಬಂದರು.

"ಸಿಕ್ಕಿದ್ದನ್ನ ಯಾಕ ಹೂಳಾಕತ್ತೀರಿ ಸರ?"

"ಸತ್ತದಲ್ರಿ, ಮೇಡಂ."

ಅವರು ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟರು. ಗೌಸಿಯಾಬೇಗಂ ಅವರಿಗೆ ಕುಡಿಯಲು ನೀರು ಕೊಟ್ಟು, "ಎಲ್ಲೂ ಹೋಗಂಗಿಲ್ಲ ಬಿಡ್ರಿ. ತೊಗರಿ ರಾಶಿ ಆಗ್ಲಿ, ನಾವೇ ಹೊಲ ಬಿಟ್ಟುಕೊಡ್ತೇವಿ," ಎಂದರು. ಮರುದಿನವೇ ಜಹೀರುದ್ದೀನ ಬಿತ್ತಿ ಮುಗಿಸಿದರು.

ಜನವರಿಯಲ್ಲಿ ರಾಶಿಯಾಯಿತು. ಆನೆಯನ್ನು ಹೊರತೆಗೆಯಲು ಗುಲಫಶಾ ಅರ್ಜಿ ಹಾಕಿದರು. ಹೂತ ದೇಹವನ್ನು ತೆಗೆಯಲು ಮೃತರ ವಾರಸುದಾರರ ಒಪ್ಪಿಗೆ ಕಡ್ಡಾಯ ಎಂದು ಉತ್ತರ ಬಂತು. ಹಕ್ಕುಳ್ಳವರು ಹಾಜರಾಗಬೇಕೆಂದು ಚಾವಡಿ ಗೋಡೆಗೆ ಮೂವತ್ತು ದಿನದ ಪ್ರಕಟಣೆ ಅಂಟಿಸಿದೆ. ಯಾರೂ ಬರಲಿಲ್ಲ. ಗುಲಫಶಾ ಮಾತ್ರ ವಾರಕ್ಕೆರಡು ಸಲ ಬಂದು, ಬೆಂಚಿನ ಮೇಲೆ ಕೂತು, ಒಂದೂ ಬೈಗುಳ ಆಡದೆ ಹೋಗುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೂವತ್ತೊಂದನೇ ದಿನ ವಂಶಾವಳಿಯ ನಮೂನೆ ತೆಗೆದು, ಆನೆಯ ಕೆಳಗೆ ಗೆರೆ ಎಳೆದು, ನನ್ನ ಹೆಸರು ಬರೆದೆ. ಸಾಕ್ಷಿಗೆ ಗೌಸಿಯಾಬೇಗಂ ಸಹಿ ಮಾಡಿದರು.

"ನಿಮ್ಮ ಕಿವಿ ನೋಡಿದ್ರ ಯಾರಾದ್ರೂ ಒಪ್ತಾರ್ರಿ," ಎಂದರು.

ಒಪ್ಪಿದರು. ದಂತ ಮೇಲೆ ಬಂದ ದಿನ ಗುಲಫಶಾ ನಕ್ಕರು, ಅತ್ತರು. ತಾಲೂಕು ಕಚೇರಿಯ ಸಿಬ್ಬಂದಿಯೆಲ್ಲ ಹೊಲಕ್ಕೆ ಬಂದು ನನ್ನ ಮುಂದೆ ಸಾಲಾಗಿ ನಿಂತರು. ಶಿರಸ್ತೇದಾರರು ನನ್ನ ಭುಜ ಮುಟ್ಟಿ, "ಭಾಳ ವಯಸ್ಸಾಗಿತ್ತೇನ್ರಿ?" ಎಂದರು.

"ಹೌದ್ರಿ."

"ಇರ್ಲಿ ಬಿಡ್ರಿ. ಹಾಸಿಗಿ ಹಿಡದು ನರಳಲಿಲ್ಲಲ್ಲ."

ಹತ್ತಿರದ ಸಂಬಂಧಿಯೆಂದು ಹತ್ತು ದಿನದ ರಜೆ ಮಂಜೂರಾಯಿತು. ನಾನು ಹದಿಮೂರು ಕೇಳಿದ್ದೆ.