ಭೀಮಗಡದ ಎರಡು ಬುರುಜು

ಹಿಂದವಾಡಿಯ ಅವಧೂತನಿಗೆ ಆ ದಿನ ಒದಗಿದ ಪೇಚಿಗೆಲ್ಲ ಅವನು ಬೆಳಿಗ್ಗೆ ಆಡಿದ ಒಂದೇ ಮಾತು ಕಾರಣ. ಕೆಟ್ಟ ಮಾತೇನಲ್ಲ, ಒಳ್ಳೆಯದೇ. ಆದರೆ ಒಳ್ಳೆಯ ಮಾತನ್ನೂ ಹೊತ್ತು ನೋಡಿ ಆಡಬೇಕೆಂಬುದನ್ನು ದೇವರು ಕೆಲವರಿಗೆ ಹಬ್ಬದ ಮುನ್ನಾದಿನವೇ ಕಲಿಸುತ್ತಾನೆ.

ದೀಪಾವಳಿ ಬಂತೆಂದರೆ ಬೆಳಗಾವಿಯ ಓಣಿ ಓಣಿಯಲ್ಲಿ ಮಣ್ಣಿನ ಪುಟ್ಟ ಕೋಟೆಗಳು, ಅಂದರೆ ಕಿಲ್ಲೆಗಳು, ಏಳುತ್ತವೆ. ಅವಧೂತನೂ ಪ್ರತಿವರ್ಷ ಒಂದು ಕಟ್ಟುತ್ತಿದ್ದ, ಒಬ್ಬನೇ. ಯಾರಾದರೂ ಒಂದು ಕಲ್ಲಿಟ್ಟರೆ ಅದನ್ನು ತೆಗೆದು, ಅದೇ ಜಾಗದಲ್ಲಿ ತಾನೇ ಇಡುವ ಸ್ವಭಾವ. ಅವನ ಕಿಲ್ಲೆಯೂ ಅಷ್ಟೇ ನಿಷ್ಠೆಯಿಂದ ಪ್ರತಿವರ್ಷ, ಹಾಲು ಕುಡಿದ ಕೂಸಿನಂತೆ, ಸದ್ದಿಲ್ಲದೆ ಒಂದು ಮಗ್ಗುಲಿಗೆ ಹೊರಳುತ್ತಿತ್ತು.

“ನೀವೊಬ್ಬರ ಮಾಡೂದು ಬಿಡ್ರಿ, ಆವಾಗ ನಿಲ್ಲತೈತಿ,” ಎಂದು ಹೇಳಿ ಹೆಂಡತಿ ಕುಂದಾ ತವರೂರು ಲೋಂಡಾಕ್ಕೆ ಹೋಗಿದ್ದಳು. ಇಂದು ಸಂಜೆಯ ರೈಲಿಗೆ ಮರಳುವವಳು. ಊರಲ್ಲಿ ನಡೆಯುವ ಕಿಲ್ಲೆ ಸ್ಪರ್ಧೆಯ ಈ ಸಲದ ನಿಯಮವೂ ಅವಳ ಮಾತಿನಂತೆಯೇ ಇತ್ತು: ಇಡೀ ಓಣಿ ಕೂಡಿ ಒಂದೇ ದಿನದಲ್ಲಿ ಕಟ್ಟಬೇಕು, ಕಿಲ್ಲೆ ತುಳಸಿ ಲಗ್ನದ ತನಕ ನಿಲ್ಲುವಷ್ಟು ಗಟ್ಟಿ ಇರಬೇಕು. ಕುಂದಾಳನ್ನು ಸ್ಕೂಟರಿನ ಮೇಲೆ ಕರೆತಂದು, ನಿಂತ ಕಿಲ್ಲೆಯ ಎದುರು ಇಳಿಸಬೇಕು. ಅವಧೂತನಿಗೆ ಅಷ್ಟಾದರೆ ಸಾಕಿತ್ತು.

ಬೆಳಿಗ್ಗೆಯೇ ಓಣಿಯವರನ್ನು ಮನೆಯ ಮುಂದೆ ಸೇರಿಸಿದ. “ಕಾಡಿನ್ಯಾಗಿನ ಭೀಮಗಡ ಕೋಟಿ ಐತೆಲ್ಲಾ, ಅದನ್ನ ಕಟ್ಟೂಣು. ನಾ ಖಾನಾಪುರದ ಕುಂಬಾರರ ಕಡೆಯಿಂದ ಕೆಂಪು ಮಣ್ಣು ತರತೇನಿ. ನೀವು ಕಂಪೌಂಡಿನ ಮೂಲ್ಯಾಗ ಕಲ್ಲು, ಇಟ್ಟಂಗಿ ಒಟ್ಟಿ ಗುಡ್ಡದ ಹೊಟ್ಟಿ ಎಬ್ಬಿಸಿ ಇಡ್ರಿ,” ಎಂದು ಬಾಡಿಗೆ ಟೆಂಪೋ ಹತ್ತಿದ.

ಟೆಂಪೋ ಊರು ದಾಟುವುದರೊಳಗೆ ಫೋನು ಶುರುವಾಯಿತು. ಮೊದಲು ಕಿರಾಣಿ ಅಂಗಡಿಯ ಧನಪಾಲ: “ಅವಧೂತರಾವ್, ಒಡದ ಇಟ್ಟಂಗಿ ನಡೀತಾವೇನ್ರಿ?” ಆಮೇಲೆ ಎದುರುಮನೆಯ ಸಾವಂತ್ರವ್ವ: “ತಮ್ಮಾ, ಗೋಣಿಚೀಲ ತೊಯ್ಸಿ ಹೊಚ್ಚಲೋ, ಒಣಾವ ಹೊಚ್ಚಲೋ?” ಅದು ಮುಗಿಯುವಷ್ಟರಲ್ಲಿ ಬಾಜೂ ಮನೆಯ, ಬ್ಯಾಂಕಿನಲ್ಲಿ ಕೆಲಸ ಮಾಡುವ ಮುಗ್ಧಾ: “ಕಾಕಾ, ಇಲ್ಲಿ ಮೂಲ್ಯಾಗ…”

ಅವಧೂತನಿಗೆ ಕುಂದಾಳ ಮಾತು ನೆನಪಾಯಿತು. ಕಣ್ಣು ಮುಚ್ಚಿ ಮನೆದೇವರನ್ನು ನೆನೆದು, ಜೀವಮಾನದಲ್ಲಿ ಮೊದಲ ಸಲ ಅಂದ: “ನನ್ನ ಕೇಳಬ್ಯಾಡ್ರಿ! ಒಬ್ಬರ ಮ್ಯಾಲೆ ಒಬ್ಬರು ವಿಶ್ವಾಸ ಇಟ್ಟು ಮಾಡ್ರಿ.” ಫೋನು ಬಂದ್ ಮಾಡಿದ. ಎದೆ ಹಗುರಾಯಿತು.

ಖಾನಾಪುರದಲ್ಲಿ ಮಣ್ಣು ತುಂಬುವಾಗ ಕಾಲು ಜಾರಿ ಕೆಸರಿನ ಗುಂಡಿಗೇ ಬಿದ್ದ. ಮಧ್ಯಾಹ್ನ ಟೆಂಪೋದಿಂದ ಇಳಿದಾಗ ಸಿಂಧೂರ ಬಳಿದ ಮಾರುತಿಯಂತಿದ್ದ. ಸಾವಂತ್ರವ್ವ ಕೈ ಮುಗಿಯುವುದೊಂದು ಬಾಕಿ. ಆದರೆ ಅವನ ಕಣ್ಣಿಗೆ ಬಿದ್ದದ್ದು ಗುಡ್ಡ ಮಾತ್ರ. ತೊಯ್ದ ಗೋಣಿ ಹೊದ್ದು ಗಂಭೀರವಾಗಿ ನಿಂತಿತ್ತು. ಕೈ ಹಚ್ಚಿ ಅಲುಗಿಸಿದ. ಅಲುಗಲಿಲ್ಲ! ಮೇಲೆ ಎಡಕ್ಕೊಂದು, ಬಲಕ್ಕೊಂದು ಉಬ್ಬು ಬೇರೆ.

“ಎರಡು ಬುರುಜಿಗೆ ಜಾಗಾ ಬಿಟ್ಟೀರಿ! ಯಾರ ತಲಿ ಇದು?”

“ನಾ ಇಟ್ಟಂಗಿ ತರೂದ್ರಾಗ ಅದು ಅಲ್ಲೇ ಇತ್ರಿ. ಮುಗ್ಧಾ ಮಾಡಿರಬೇಕು,” ಎಂದ ಧನಪಾಲ.

“ಶಾಣ್ಯಾ ಹುಡುಗಿ. ಮಾಡಿಟ್ಟು, ಬಾಯಿಬಿಟ್ಟು ಹೇಳದ ಬ್ಯಾಂಕಿಗೆ ಹೋಗ್ಯಾಳ,” ಎಂದಳು ಸಾವಂತ್ರವ್ವ.

ಆ ಎರಡು ಬುರುಜಿಗೆ ಮಾತ್ರ ಅವಧೂತ ಯಾರಿಗೂ ಕೈ ಹಚ್ಚಗೊಡಲಿಲ್ಲ. ಅದೊಂದು ಚಪಲ ಉಳಿದಿತ್ತು. ತಾನೇ ಮಣ್ಣು ಮೆತ್ತಿ, ಕೂಸಿನ ಬೆನ್ನು ತಟ್ಟುವಂತೆ ತಟ್ಟಿ ನುಣುಪು ಮಾಡಿದ. ಸಾವಂತ್ರವ್ವ ಮೊದಲೇ ಬೆಳೆಸಿಟ್ಟ ಸಾಸಿವೆಯ ಮೊಳಕೆ ಹಾಸಿದಾಗ ಭೀಮಗಡಕ್ಕೆ ಕಾಡೂ ಬಂತು.

ಸಂಜೆ ಪರೀಕ್ಷಕರು ಬಂದು ಬುರುಜು ಗುದ್ದಿ ನೋಡಿದರು. “ಇಷ್ಟು ಗಟ್ಟಿ ಹೆಂಗ ಬಂತ್ರಿ?”

“ನಾ ಮಾಡಿದ್ರ ಬೀಳ್ತಿತ್ರಿ,” ಎಂದ ಅವಧೂತ. “ಓಣಿ ಮಾಡೇತಿ, ನಿಂತೈತಿ.”

ಚಪ್ಪಾಳೆ ಬಿತ್ತು. ಮೊದಲ ಬಹುಮಾನ ಭೀಮಗಡಕ್ಕೇ. ಬಹುಮಾನವೆಂದರೆ ಫಳಫಳ ಹೊಳೆಯುವ ಒಂದು ಹೆಲ್ಮೆಟ್. ಅದನ್ನು ಓಣಿಯವರೇ ಅವಧೂತನ ತಲೆಗೆ ಕಿರೀಟದಂತೆ ತೊಡಿಸಿದರು. “ಇನ್ನ ಕುಂದಾನ್ನ ಕರಕೊಂಡು ಬರತೇನಿ,” ಎಂದು ಅವನು ಕಿಸೆಯಿಂದ ಚಾವಿ ತೆಗೆದು, ಸುತ್ತ ನೋಡಿದ.

ಆಗಲೇ ಮುಗ್ಧಾ ಬ್ಯಾಂಕಿನಿಂದ ಬಂದಳು. “ಕಾಕಾ, ನಿಮ್ಮ ಸ್ಕೂಟರ್ ಎಲ್ಲಿ ಸರಿಸಿ ಇಟ್ರಿ?”

“ನಾ ಎಲ್ಲಿ ಸರಿಸೇನಿ?”

“ಮೂಲ್ಯಾಗ ನಿಂತಿತ್ತಲ್ರೀ. ಮುಂಜಾನೆ ಅದನ್ನ ಕೇಳಾಕ ಫೋನ್ ಮಾಡಿದ್ನಿ, ನೀವು ಕೇಳಬ್ಯಾಡ್ರಿ ಅಂದ್ರಿ. ಮಣ್ಣು ಸಿಡೀಬಾರದಂತ ತಾಡಪತ್ರಿ ಹೊಚ್ಚಿ ಹೋದ್ನಿ.”

ಧನಪಾಲನ ಮುಖ ಬಿಳಿಚಿತು. “ತಾಡಪತ್ರಿ? ಅದ ಗುಡ್ಡದ ಹೊಟ್ಟಿ ಅಂತ ನಾ ಸುತ್ತ ಇಟ್ಟಂಗಿ ಒಟ್ಟಿದ್ನಲ್ರೀ!”

“ನಾ ಅದರ ಮ್ಯಾಲೆ ಗೋಣಿ ಹೊಚ್ಚಿದೆ, ಶಿವನ!” ಎಂದಳು ಸಾವಂತ್ರವ್ವ.

ಎಲ್ಲರ ಕಣ್ಣೂ ಅವಧೂತನ ಕೆಂಪು ಕೈಗಳ ಮೇಲೆ ನಿಂತವು. ಅವನು ಮೆಲ್ಲನೆ ಎರಡೂ ಬುರುಜುಗಳನ್ನು ಹಿಡಿದು ನೋಡಿದ. ಬೆರಳುಗಳು ತಾವಾಗಿಯೇ ಬ್ರೇಕು ಹುಡುಕಿದವು.

ಧನಪಾಲ ಓಡಿಹೋಗಿ ಹಾರೆ ತಂದ. “ಒಡಿಯೂಣೇನ್ರಿ?”

“ಮುಟ್ಟೀರಿ ಮತ್ತ!” ಅವಧೂತ ಕಿಲ್ಲೆಗೆ ಅಡ್ಡ ನಿಂತ. “ನನ್ನ ಜೀವಮಾನದಾಗ ಇದೊಂದ ನಿಂತೈತಿ.”

ಹೆಲ್ಮೆಟ್ ತೊಟ್ಟುಕೊಂಡೇ ಸ್ಟೇಶನ್ನಿಗೆ ನಡೆದುಹೋದ. ಹೆಂಡತಿಯೊಡನೆ ಆಟೋದಲ್ಲಿ ಬಂದಿಳಿದ. ಹಣತೆಗಳ ಬೆಳಕಿನಲ್ಲಿ ಭೀಮಗಡ ಅರಸನಂತೆ ಕುಳಿತಿತ್ತು. ಓಣಿಯೆಲ್ಲ ಅದರ ಮುಂದೆ ಸಾಲಾಗಿ ನಿಂತಿತ್ತು. ಕುಂದಾ ಎರಡು ಸುತ್ತು ಬಂದು, ಬುರುಜು ತಟ್ಟಿ, ಹೆಮ್ಮೆಯಿಂದ ಗಂಡನ ಕಡೆ ತಿರುಗಿದಳು.

“ಖರೇನ ನಿಂತೈತಲ್ರೀ! ಒಳಗ ಏನ ಹಾಕೀರಿ?”

ಅವಧೂತ ಬಾಯಿ ತೆರೆಯುವ ಮೊದಲೇ ಇಡೀ ಓಣಿ ಒಂದೇ ದನಿಯಲ್ಲಿ ಕೂಗಿತು: “ಅವರನ್ನ ಕೇಳಬ್ಯಾಡ್ರಿ!”