ಚುಕ್ಕೆ ಬೆಕ್ಕಿನ ಮುತ್ತಜ್ಜಿ

ಋಷಿಮೂಲ, ನದಿಮೂಲ ಕೆದಕಬಾರದು ಎಂದು ಹಿರಿಯರು ಹೇಳಿದ್ದಾರೆ. ಬೆಕ್ಕಿನ ಮೂಲದ ಬಗ್ಗೆ ಏನೂ ಹೇಳದೆ ಹೋದದ್ದರಿಂದ ನಾನು ಅದನ್ನು ಕೆದಕಿದೆ. ತಪ್ಪು ಮಾಡಿ ಮುಖ ಮರೆಸಿಕೊಂಡವನಿಗೆ ಇಂಥ ಸಂಶೋಧನೆ ಬಹಳ ಹಿತ.

ತಪ್ಪೇನೆಂದು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಬೂದಿ ಎಂಬ ನಾಟಿ ಬೆಕ್ಕಿತ್ತು. ನನ್ನ ಹೆಂಡತಿ ಲಲಿತ ಅದನ್ನು ಕಣ್ಣು ಬಿಡದ ಮರಿಯಾಗಿದ್ದಾಗಿನಿಂದ ಸಾಕಿದ್ದಳು. ಅದು ನಾಲ್ಕನೇ ಸಲ ಹಾಲಿನ ಪಾತ್ರೆಗೆ ಬಾಯಿ ಹಾಕಿದಾಗ, ಲಲಿತ ತವರಿಗೆ ಹೋದ ದಿನ ನೋಡಿಕೊಂಡು, ಊರಿನವರೆಲ್ಲ ಮಾಡುವಂತೆ ಗೋಣಿಚೀಲಕ್ಕೆ ಹಾಕಿ, ದಾರಿ ಮರೆಯಲೆಂದು ಚೀಲವನ್ನು ಮೂರು ಸುತ್ತು ತಿರುಗಿಸಿ, ದೂರದ ದೊಡ್ಡಬೆಳವಂಗಲದ ಅಂಗಡಿಯೊಂದರ ಬಳಿ ಬಿಟ್ಟು ಬಂದೆ. ಬೆಕ್ಕಲ್ಲವೇ, ಹೇಗೂ ವಾಪಸ್ಸು ಬರುತ್ತದೆ ಎಂಬ ಧೈರ್ಯವೂ ಒಳಗೊಳಗೇ ಇತ್ತು. ಬರಲಿಲ್ಲ. ಲಲಿತ ತವರಿನಿಂದ ಬಂದು ಕೇಳಿದಾಗ ನಿಜ ಒಪ್ಪಿಕೊಂಡೆ. ಅಂದಿನಿಂದ ಅವಳು ನನ್ನೊಡನೆ ಗ್ಯಾಸು, ಕರೆಂಟು, ಊಟ ಇಷ್ಟನ್ನೇ ಮಾತಾಡುತ್ತಾಳೆ.

ಪ್ರಾಯಶ್ಚಿತ್ತಕ್ಕೆಂದು ಇನ್ನೊಂದು ಬೆಕ್ಕು ತಂದೆ. ಬಾಶೆಟ್ಟಿಹಳ್ಳಿಯ ನಮ್ಮ ಫ್ಯಾಕ್ಟರಿಯಲ್ಲಿ ಹೊಸಕೋಟೆಯ ಮುನಿರಾಜು ಎಂಬ ಗೆಳೆಯನಿದ್ದಾನೆ. "ಜಾತಿ ಬೆಕ್ಕು ಗುರು, ಬೆಂಗಾಲ್ ಅಂತಾರೆ. ನಮ್ ಮನೇಲಿ ತಡ್ಕೊಳೋಕಾಗ್ತಿಲ್ಲ, ನೀನೇ ಇಟ್ಕೊ" ಎಂದು ಕೊಟ್ಟ. ಯಾಕೆ ತಡೆದುಕೊಳ್ಳಲಾಗಲಿಲ್ಲವೆಂದು ಎರಡೇ ದಿನಕ್ಕೆ ತಿಳಿಯಿತು. ಮೈತುಂಬ ಚಿರತೆಯ ಚುಕ್ಕೆ. ಫ್ರಿಡ್ಜಿನ ಮೇಲಿಂದ ಸಜ್ಜಕ್ಕೆ ಹಾರುತ್ತದೆ. ಬಕೆಟ್ಟಿಗಿಳಿದು ನನಗಿಂತ ಮೊದಲು ಸ್ನಾನ ಮುಗಿಸುತ್ತದೆ. ಯಾರಾದರೂ ಸುಮ್ಮನೆ ಕೂತರೆ ಜಗಳಕ್ಕೆ ಬಂದಂತೆ ಕೂಗುತ್ತದೆ. ನಮ್ಮ ಮನೆಯಲ್ಲೋ ಎಲ್ಲರೂ ಸುಮ್ಮನೆ ಕೂತವರೇ.

ಫೋನಿನಲ್ಲಿ ಓದಿ ಅದರ ಜಾತಕ ತಿಳಿದುಕೊಂಡೆ. ಹೆಸರು ಬಂಗಾಳದ್ದು, ತಳಿ ಮಾಡಿದ್ದು ಅಮೆರಿಕದಲ್ಲಿ. ನಮ್ಮ ಕಡೆಯ ಕಾಡುಗಳಲ್ಲೂ ಇರುವ ಚಿರತೆಬೆಕ್ಕನ್ನು ಸಾಕುಬೆಕ್ಕಿನ ಜೊತೆ ಕೂಡಿಸಿ, ತಲೆಮಾರಿನ ಮೇಲೆ ತಲೆಮಾರು ಪಳಗಿಸಿದರಂತೆ. ಉತ್ಸಾಹದಿಂದ ಅಡುಗೆಮನೆಗೆ ಹೋಗಿ ಹೇಳಿದೆ: "ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣೇ. ಇದರ ಮುತ್ತಜ್ಜಿ ಕಾಡಲ್ಲಿದ್ದೋಳು!"

ಲಲಿತ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಇದರ ಮುತ್ತಜ್ಜಿ ಎಲ್ಲಿದ್ಲು ಅಂತ ಹುಡುಕಿದ್ರಿ. ನಮ್ ಬೂದಿ ಎಲ್ಲವ್ಳೆ ಅಂತ ಒಂದಿನ ಹೋಗಿ ನೋಡಿದ್ರಾ?"

ನನಗೆ ನಿಜಕ್ಕೂ ನಾಚಿಕೆಯಾಯಿತು. ಭಾನುವಾರ ದೊಡ್ಡಬೆಳವಂಗಲಕ್ಕೆ ಹೋದೆ. ಬಿಟ್ಟ ಜಾಗದ ಅಂಗಡಿಯವನನ್ನು ಕೇಳಿದರೆ ಆತ ನಕ್ಕ. "ಇಲ್ಲಿ ತಂದ್ ಬಿಡೋರು ಬೇಕಾದಷ್ಟು ಜನ ಅಣ್ಣ. ಹುಡುಕ್ಕೊಂಡ್ ಬಂದೋನು ನೀನೊಬ್ನೇ."

ಮನೆಗೆ ಬಂದು ಅದನ್ನೂ ಹೇಳಿದೆ. ಲಲಿತ ಸೆರಗಿಗೆ ಕೈ ಒರೆಸಿಕೊಂಡು, "ಜಾಗ ತೋರ್ಸಿ" ಎಂದಳು.

ಈಗ ಪ್ರತಿ ಭಾನುವಾರ ಬೈಕಿನಲ್ಲಿ ಇಬ್ಬರೂ ಹೋಗುತ್ತೇವೆ. ಅವಳು ಬೇಲಿ ಬೇಲಿಯ ಬಳಿ ನಿಂತು "ಬೂದೀ" ಎಂದು ಕರೆಯುತ್ತಾಳೆ. ಇದುವರೆಗೂ ಯಾವ ಬೆಕ್ಕೂ ಬಂದಿಲ್ಲ. ಮೊದಲ ದಿನ ನಾನೂ ಬಾಯಿ ತೆರೆದಿದ್ದೆ. "ನೀವ್ ಸುಮ್ನಿರಿ. ನಿಮ್ ದನಿ ಕೇಳಿದ್ರೆ ಬರೋಳೂ ಬರಲ್ಲ" ಎಂದಳು. ಅಂದಿನಿಂದ ನಾನು ಬೈಕಿನ ಪಕ್ಕದಲ್ಲಿ, ಬಿಸಿಲಿನಲ್ಲಿ, ಕೆಮ್ಮು ಬಂದರೂ ತಡೆದುಕೊಂಡು ನಿಂತಿರುತ್ತೇನೆ.