ಎರಡು ಬಟ್ಟಲು ಮಣ್ಣಿ

ಲೋಕನಾಥ ಒಂದು ಮಾತು ಕಡಿಮೆ ಆಡಿದ್ದರೆ ಆ ಶನಿವಾರ ತನ್ನ ಪಾಡಿಗೆ ತಾನು ಔಷಧದ ಬಾಟ್ಲಿಗಳಿಗೆ ಚೀಟಿ ಅಂಟಿಸಿಕೊಂಡು ಸುಖವಾಗಿರುತ್ತಿದ್ದ. ಆದರೆ ಪಾಣೆಮಂಗಳೂರಿನ ಆ ಕಂಪೌಂಡರಿಗೆ ಮಾತು ಕಡಿಮೆ ಮಾಡುವ ಔಷಧ ಮಾತ್ರ ಯಾವ ಬಾಟ್ಲಿಯಲ್ಲೂ ಇರಲಿಲ್ಲ.

ಡಿಸ್ಪೆನ್ಸರಿಯ ಕಿಟಕಿಗೆ ಮಗು ಎತ್ತಿಕೊಂಡು ಬಂದ ಪ್ರತಿ ತಾಯಿಗೂ ಕೆಮ್ಮಿನ ಮದ್ದಿನ ಜೊತೆ ಒಂದು ಉಪದೇಶ ಪುಕ್ಕಟೆ. “ಎಂಟು ತಿಂಗಳು ಕಳೆದ ಮಗುವಿಗೆ ಬರೀ ಹಾಲು ಸಾಕಾಗುದಿಲ್ಲ ಅಮ್ಮ. ಹಾಲೂ ಬೇಕು, ಊಟವೂ ಬೇಕು. ಮೊದಲು ಊಟ, ಮತ್ತೆ ಹಾಲು. ಹೊಟ್ಟೆ ತುಂಬಿದ ಮಗು ಬ್ರಹ್ಮ ಬಂದರೂ ಬಾಯಿ ತೆರೆಯುದಿಲ್ಲ, ನೆನಪಿಟ್ಟುಕೊಳ್ಳಿ!”

ತಾಯಂದಿರು ತಲೆಯಾಡಿಸಿ ಹೋಗುತ್ತಿದ್ದರು. ಅವನ ಸ್ವಂತ ಮಗಳು, ಹತ್ತು ತಿಂಗಳ ಶಶಿಪ್ರಭಾ, ತಾಯಿಯ ಹಾಲು ಬಿಟ್ಟು ಬೇರೇನನ್ನೂ ನುಂಗುವುದಿಲ್ಲ ಎಂಬ ಸುದ್ದಿ ಆ ಕಿಟಕಿಯ ತನಕ ಬಂದಿರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಯಲ್ಲಿ ಬಿತ್ತಂತೆ, ಹಾಗೆ ಆಗಿತ್ತು ಕತೆ.

ಇದರಿಂದ ನಿಜವಾಗಿ ಕಷ್ಟಕ್ಕೆ ಸಿಕ್ಕಿದ್ದು ಅವನ ಹೆಂಡತಿ ವಿನೋದಾ. ಮದುವೆಗೆ ಮೊದಲೇ ಟೀಚರ್ ಟ್ರೈನಿಂಗು ಮುಗಿಸಿ, ನಾಲ್ಕು ವರ್ಷ ಅರ್ಜಿ ಹಾಕಿ ಹಾಕಿ ಸಾಕಾದ ಮೇಲೆ ಅವಳಿಗೆ ಬಂಟ್ವಾಳದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರ ಸೇರಬೇಕು. ಸರ್ಟಿಫಿಕೇಟು ಬೆಳುವಾಯಿಯ ತಾಯಿಮನೆಯಲ್ಲಿ ಉಳಿದಿತ್ತು. ಶನಿವಾರ ಬೆಳಿಗ್ಗೆ ಏಳರ ಬಸ್ಸಿಗೆ ಹೋಗಿ ಅದನ್ನು ತಂದರೆ ಮನೆ ಸೇರುವಾಗ ಸಂಜೆ ಐದೂವರೆ.

“ಮಗುವನ್ನು ಕರ್ಕೊಂಡು ಹೋಗ್ತೇನೆ,” ಎಂದಳು ವಿನೋದಾ.

“ಎಂತಕ್ಕೆ? ನಾನು ರಜೆ ಹಾಕ್ತೇನೆ. ನೀನಿಲ್ಲದಿದ್ದರೆ ಅವಳು ತಿಂದೇ ತಿಂತಾಳೆ. ಇದಕ್ಕೆ ಒಂದು ಕ್ರಮ ಉಂಟು ಮಾರಾಯ್ತಿ, ಕ್ರಮ!”

ಇದೇ ಆ ಹೆಚ್ಚಿನ ಮಾತು.

ವಿನೋದಾ ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು. “ಆಯಿತು. ಎರಡು ಬಟ್ಟಲು ಮಣ್ಣಿ ಮಾಡಿಟ್ಟು ಹೋಗ್ತೇನೆ. ನಾನಿಲ್ಲದೆ ಅವಳು ಒಂದು ದಿನ ಹೊಟ್ಟೆ ತುಂಬ ತಿಂದರೆ ಸೋಮವಾರ ಕೆಲಸಕ್ಕೆ ಹೋಗ್ತೇನೆ. ಇಲ್ಲದಿದ್ದರೆ ಸರ್ಟಿಫಿಕೇಟು ಪುನಃ ಪೆಟ್ಟಿಗೆಗೆ. ನನ್ನ ಮಗು ಹಸಿದು ಅಳುವಾಗ ಊರವರ ಮಕ್ಕಳಿಗೆ ಮಗ್ಗಿ ಹೇಳಿಕೊಡ್ಲಿಕ್ಕೆ ನನ್ನಿಂದಾಗ್ಲಿಕ್ಕಿಲ್ಲ. ಮತ್ತೆ, ನಿಮ್ಮ ಊಟಕ್ಕೆ ಎಂತ ಮಾಡ್ಲಿ?”

“ನನ್ನದು ಬಿಡು. ಮಗುವಿನದ್ದು ಮಾತ್ರ ನೋಡು.”

ಲೋಕನಾಥನಿಗೆ ಆ ಕೆಲಸಕ್ಕೆ ಅವಳು ಹೋಗಲೇಬೇಕು ಎಂದಿತ್ತು. ಅಡುಗೆ ಮಾಡುತ್ತಾ ಸೌಟಿನಿಂದ ಗೋಡೆ ತೋರಿಸಿ ಪಾಠ ಹೇಳುವ ಹೆಂಡತಿಯನ್ನು ಅವನು ಎಷ್ಟೋ ಸಲ ಬಾಗಿಲ ಮರೆಯಲ್ಲಿ ನಿಂತು ನೋಡಿದ್ದ. ಅದಕ್ಕೇ ಆ ರಾತ್ರಿ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ನೀಲಿ ಪೆನ್ಸಿಲಿನಿಂದ ಒಂದು ಪಟ್ಟಿ ಬರೆದ. ಆರಕ್ಕೆ ತಾಯಿಹಾಲು, ಒಂಬತ್ತಕ್ಕೆ ಮಣ್ಣಿ, ಹನ್ನೊಂದಕ್ಕೆ ದನದ ಹಾಲು, ಒಂದಕ್ಕೆ ಮಣ್ಣಿ, ಐದೂವರೆಗೆ ತಾಯಿಹಾಲು. ಕೊನೆಗೆ ಅಡಿಗೆರೆ ಎಳೆದು, “ಅಕ್ಕಪಕ್ಕದವರು ಮಗುವಿಗೆ ಏನನ್ನೂ ಕೊಡಕೂಡದು” ಎಂದು ಸೇರಿಸಿದ. ಅದನ್ನು ಜಗಲಿಯ ಗೋಡೆಗೆ ತೂಗುಹಾಕಿದ.

ಬೆಳಿಗ್ಗೆ ವಿನೋದಾ ಮಗುವಿಗೆ ಹಾಲು ಕೊಟ್ಟು, ಎರಡು ಬಟ್ಟಲು ಮುಚ್ಚಿಟ್ಟು, ಹಿಂತಿರುಗಿ ನೋಡದೆ ಬಸ್ಸಿಗೆ ಹೋದಳು. ಹಿಂತಿರುಗಿ ನೋಡಿದರೆ ಹೋಗಲಿಕ್ಕಾಗುತ್ತಿರಲಿಲ್ಲ.

ಲೋಕನಾಥ ಮುಚ್ಚಳ ತೆಗೆದು ನೋಡಿದ. ನೇಂದ್ರ ಬಾಳೆಕಾಯಿಯ ಹುಡಿಗೆ ತೆಂಗಿನ ಹಾಲು, ಬೆಲ್ಲ ಹಾಕಿ ಕಾಸಿದ ಮಣ್ಣಿ. ತುಪ್ಪದ ಪರಿಮಳ. ಬಟ್ಟಲು ಮಾತ್ರ ದೊಡ್ಡವು, ಅವನು ಗಂಜಿ ಉಣ್ಣುವ ಕಂಚಿನ ಬಟ್ಟಲುಗಳು. “ಸ್ವಲ್ಪ ಜಾಸ್ತಿಯೇ ಆಯ್ತು,” ಅಂದುಕೊಂಡ. ಹೆಂಡತಿಗೆ ಮಗಳ ಮೇಲೆ ಅಷ್ಟು ಆಸೆ ಎಂದುಕೊಂಡು ಪುನಃ ಮುಚ್ಚಿಟ್ಟ.

ಎಂಟೂವರೆಗೆ ಒಲೆಯ ಮೇಲಿಟ್ಟ ಹಾಲು ಉಕ್ಕಿತು. ಅದನ್ನು ಇಳಿಸಲು ಓಡಿದವನ ಕಂಕುಳಲ್ಲಿ ಮಗು ಕಿರುಚಿತು. ಆಗ ಪಕ್ಕದ ಮನೆಯ ಅಮ್ಮಣಿ ಅಜ್ಜಿ ಬೇಲಿ ದಾಟಿ ಬಂದರು. ಆ ಅಜ್ಜಿಗೆ ತನ್ನ ಮನೆಯ ಗೋಡೆ ಬಿದ್ದರೂ ಕೇಳಿಸದು, ಪಕ್ಕದ ಮನೆಯ ಚಮಚ ಬಿದ್ದರೆ ಕೇಳಿಸುತ್ತದೆ. ಅವರು ಮಾತಾಡಿದ್ದು ತುಳುವಿನಲ್ಲಿ. ಎಲ್ಲರೂ ಮಾತಾಡಿದ್ದು ತುಳುವಿನಲ್ಲೇ, ಬರೆಯುವವನಿಗೆ ಕನ್ನಡವೇ ಗತಿ.

“ಮಗುವನ್ನು ಇಲ್ಲಿ ಕೊಡು ಮಗಾ. ನೀನು ಒಲೆ ಒರೆಸು.”

“ಅಜ್ಜೀ, ಏನೂ ಕೊಡಬೇಡಿ, ಆಯ್ತಾ? ಪಟ್ಟಿ ಉಂಟು.”

“ನನಗೆಲ್ಲಿ ಓದ್ಲಿಕ್ಕೆ ಬರ್ತದೆ?” ಎಂದು ಅಜ್ಜಿ ಮಗುವಿನೊಂದಿಗೆ ಮಾಯವಾದರು.

ಒಂಬತ್ತಕ್ಕೆ ಸರಿಯಾಗಿ ಮಗು ವಾಪಸು ಬಂತು. ಲೋಕನಾಥ ಡಿಸ್ಪೆನ್ಸರಿಯಿಂದ ತಂದ ಚಮಚವನ್ನು ಕುದಿನೀರಲ್ಲಿ ತೊಳೆದು, ಮಣ್ಣಿ ತುಂಬಿ, ಬಾಯಿಯ ಹತ್ತಿರ ಹಿಡಿದ. ಶಶಿ ತುಟಿ ಬಿಗಿದಳು. ಕಾಗೆ ತೋರಿಸಿದ, ಬೆಕ್ಕಿನ ಹಾಗೆ ಕೂಗಿದ, ಕೊನೆಗೆ ಯಕ್ಷಗಾನದ ರಾಕ್ಷಸನ ಹಾಗೆ ಜಗಲಿಯಲ್ಲಿ ಕುಣಿದ. ಶಶಿ ಕಿಲಕಿಲ ನಕ್ಕಳು. ಆ ನಗುವಿನ ಸಂದಿಯಲ್ಲಿ ಚಮಚ ತೂರಿಸಿದ್ದೇ ತಡ, ಫೂ ಎಂದು ಊದಿದಳು. ಮಣ್ಣಿ ಅವನ ಕನ್ನಡಕ, ಮೀಸೆ, ಬನಿಯನು ಎಲ್ಲ ಕಡೆ ಸಮನಾಗಿ ಹಂಚಿಹೋಯಿತು.

ಅಂಗಳದ ಬೇಲಿಯ ದಣಪೆಯಾಚೆ ನಿಂತು ಬೀಯಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಅವಳ ಮನೆ ಎದುರುಗಡೆ. ಒಂಬತ್ತು ಮಕ್ಕಳನ್ನು ಸಾಕಿದ ಹೆಂಗಸು. ಕಳೆದ ವಾರವಷ್ಟೇ ಮೊಮ್ಮಗನನ್ನು ತಂದಾಗ ಇದೇ ಲೋಕನಾಥ ಅವಳಿಗೆ ಕಾಲು ಗಂಟೆ ಉಪದೇಶ ಮಾಡಿದ್ದ.

“ಕಂಪೌಂಡ್ರೇ, ಆ ಚಮಚದಲ್ಲಿ ನೀವು ಅವಳಿಗೆ ಮದ್ದು ಕುಡಿಸ್ಲಿಲ್ವಾ ಮೊನ್ನೆ? ಮತ್ತೆ ಬಾಯಿ ತೆರೀಲಿಕ್ಕೆ ಅವಳೆಂತ ಮಳ್ಳಿಯಾ?”

“ಚಮಚ ಶುದ್ಧ ಉಂಟು ಬೀಯಮ್ಮ.”

“ನೀವೀಗ ಶುದ್ಧ ಇಲ್ಲ. ಹೋಗಿ ಮೀಸೆ ತೊಳೀರಿ. ಮಗು ನನ್ನ ಹತ್ರ ಇರ್ಲಿ.”

ಬಾವಿಕಟ್ಟೆಯಲ್ಲಿ ಬೆಲ್ಲ ಅಂಟಿದ ಮೀಸೆ ತೊಳೆಯುವುದು ಸುಲಭದ ಕೆಲಸವಲ್ಲ. ಅವನು ಬರುವಾಗ ಹತ್ತೂಮುಕ್ಕಾಲು. ಬೀಯಮ್ಮ ಮಗುವಿನ ಗಲ್ಲವನ್ನು ತನ್ನ ಸೆರಗಿನಿಂದ ಒರೆಸಿ ಕೊಟ್ಟಳು. ಹನ್ನೊಂದಕ್ಕೆ ದನದ ಹಾಲು ಹಿಡಿದರೆ ಶಶಿ ಲೋಟದೊಳಗೆ ಕೈ ಅದ್ದಿ ಆಟವಾಡಿದಳು, ಒಂದು ಗುಟುಕೂ ಕುಡಿಯಲಿಲ್ಲ. ಮತ್ತೆ ಅಪ್ಪನ ಹೆಗಲಿಗೆ ಒರಗಿ ನಿದ್ದೆ ಹೋದಳು.

ಲೋಕನಾಥನಿಗೆ ಅಳು ಬಂತು. ಮಗು ಹಸಿವಿನಲ್ಲಿ ಸೋತು ಮಲಗಿದೆ ಎಂದುಕೊಂಡ. ಬಟ್ಟಲಿನ ಮಣ್ಣಿ ಹಾಗೇ ಉಂಟು. ವಿನೋದಾ ಬಂದು ಇದನ್ನು ನೋಡುತ್ತಾಳೆ, ಏನೂ ಹೇಳುವುದಿಲ್ಲ, ಸರ್ಟಿಫಿಕೇಟನ್ನು ಮಡಚಿ ಪೆಟ್ಟಿಗೆಗೆ ಹಾಕುತ್ತಾಳೆ. ಅವಳು ಬೈದರೆ ತಡೆದುಕೊಳ್ಳಬಹುದು, ಆ ಪೆಟ್ಟಿಗೆ ಮುಚ್ಚುವ ಸದ್ದು ತಡೆದುಕೊಳ್ಳುವುದು ಹೇಗೆ?

ಹಿತ್ತಲಿಗೆ ಚೆಲ್ಲಿದರೆ ಅಮ್ಮಣಿ ಅಜ್ಜಿ ನೋಡುತ್ತಾರೆ. ಚೆಲ್ಲುವುದು ಪಾಪ ಬೇರೆ. ಬೆಳಿಗ್ಗಿನಿಂದ ಅವನೂ ಏನೂ ತಿಂದಿರಲಿಲ್ಲ. ಅತ್ತಿತ್ತ ನೋಡಿದ, ಒಂದು ಚಮಚ ಬಾಯಿಗಿಟ್ಟ. ಅಹಾ! ಮತ್ತೊಂದು ಚಮಚ. ಐದು ನಿಮಿಷದಲ್ಲಿ ಬಟ್ಟಲಿನ ತಳ ಕಂಡಿತು. ಮಗಳ ಮುಖ ನೋಡಲಿಕ್ಕೆ ನಾಚಿಕೆಯಾಗಿ ಬಟ್ಟಲನ್ನು ಬೇಗ ಬೇಗ ತೊಳೆದಿಟ್ಟ.

ಒಂದು ಗಂಟೆಯ ಮಣ್ಣಿಗಾದರೂ ಮರ್ಯಾದೆ ಉಳಿಯಬೇಕಲ್ಲ? ಬಸ್ಸು ನೋಡುತ್ತಾ ಮಕ್ಕಳು ತಿನ್ನುತ್ತಾರೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಮಗುವನ್ನು ಒಂದು ಕೈಯಲ್ಲಿ, ಎರಡನೇ ಬಟ್ಟಲನ್ನು ಇನ್ನೊಂದು ಕೈಯಲ್ಲಿ ಹಿಡಿದು ಸೇತುವೆಯ ಹತ್ತಿರದ ಡೊಂಬಯ್ಯನ ಹೋಟೆಲಿಗೆ ನಡೆದ. ದಾರಿಯಲ್ಲಿ ಸಿಕ್ಕ ನಾಲ್ಕು ಜನ, “ಎಂತ ಕಂಪೌಂಡರೇ, ಮಣ್ಣಿ ವ್ಯಾಪಾರ ಶುರುವಾ?” ಎಂದು ಕೇಳಿದರು.

ಡೊಂಬಯ್ಯ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ಮಗುವನ್ನು ಎತ್ತಿಕೊಂಡ. ಅಷ್ಟರಲ್ಲಿ ಒಳಗಿನ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ ಹಸನಬ್ಬ ಲೋಕನಾಥನ ಕೈ ಹಿಡಿದು ಕೂರಿಸಿದ. ಹಸನಬ್ಬನಿಗೆ ಹೊಟ್ಟೆಯ ತೊಂದರೆ. ಅದನ್ನು ಹೇಳಲು ತೊಡಗಿದರೆ ಮಂಗಳೂರು ಬಸ್ಸು ಹೋಗಿ ಮರುಬಸ್ಸು ಬಂದರೂ ಮುಗಿಯುವುದಿಲ್ಲ. ಅವನಿಂದ ಬಿಡಿಸಿಕೊಂಡು ಹೊರಗೆ ಬರುವಾಗ ಡೊಂಬಯ್ಯ ಮಗುವಿಗೆ ಬಸ್ಸು ತೋರಿಸುತ್ತಾ ಏನೂ ಅರಿಯದವನ ಹಾಗೆ ನಿಂತಿದ್ದ.

“ಡೊಂಬಯ್ಯಣ್ಣ, ನೀವು ಏನೂ ಕೊಡ್ಲಿಲ್ಲ ಅಲ್ವಾ?”

“ನಾನಾ? ಛೆ! ನಿಮ್ಮ ಪಟ್ಟಿಯ ಸುದ್ದಿ ಇಡೀ ಪೇಟೆಗೆ ಗೊತ್ತುಂಟು.”

ನಾಲ್ಕು ಬಸ್ಸು ಬಂದು ಹೋಯಿತು. ಶಶಿ ಪ್ರತಿ ಬಸ್ಸಿಗೂ ಕೈ ಬೀಸಿದಳು, ಒಂದಕ್ಕೂ ಬಾಯಿ ತೆರೆಯಲಿಲ್ಲ. ಮನೆಗೆ ತಿರುಗಿ ಬಂದು, ಬಾಗಿಲು ಹಾಕಿ, ಲೋಕನಾಥ ಎರಡನೇ ಬಟ್ಟಲನ್ನೂ ಮುಗಿಸಿದ. ಈ ಸಲ ರುಚಿ ಗೊತ್ತಾಗಲಿಲ್ಲ.

ಐದೂವರೆಗೆ ವಿನೋದಾ ದಣಪೆ ದಾಟಿ ಓಡಿಯೇ ಬಂದಳು. ಬೊಗಸೆಯಲ್ಲಿ ಮಗುವಿನ ಮುಖ ಹಿಡಿದು ಮುತ್ತು ಕೊಟ್ಟು, ಮತ್ತೆ ಕವುಚಿಟ್ಟ ಬಟ್ಟಲುಗಳನ್ನು ನೋಡಿದಳು.

“ಎರಡೂ?”

“ಎರಡೂ ಖಾಲಿ,” ಎಂದ ಲೋಕನಾಥ. ಇದರಲ್ಲಿ ಸುಳ್ಳೇನೂ ಇಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ವಿನೋದಾ ಮಗುವನ್ನು ಮಡಿಲಿಗೆ ಹಾಕಿಕೊಂಡು ಹಾಲು ಕೊಡಲು ಕೂತಳು. ಇಡೀ ದಿನ ಎದೆ ಕಟ್ಟಿ ನೋಯುತ್ತಿತ್ತು. ಶಶಿ ಅಮ್ಮನ ಕರಿಮಣಿ ಎಳೆದಳು, ನಕ್ಕಳು, ಮತ್ತೆ ಮುಖ ಆಚೆ ತಿರುಗಿಸಿದಳು. ವಿನೋದಾ ಇನ್ನೊಂದು ಬದಿಗೆ ಹಾಕಿಕೊಂಡಳು. ಅಲ್ಲೂ ಬೇಡ.

“ಬೇಡವಾ ಮಗಳೇ?” ವಿನೋದಾಳ ಸ್ವರ ಸಣ್ಣದಾಯಿತು. “ಒಂದು ದಿನದಲ್ಲಿ ಅಮ್ಮ ಬೇಡವಾದಳಾ?” ಅವಳ ಕಣ್ಣು ತುಂಬಿತು.

ಲೋಕನಾಥ ಮಗುವಿನ ಹಣೆ ಮುಟ್ಟಿ ನೋಡಿದ. ಬೆಳಿಗ್ಗೆ ಆರರಿಂದ ಹೊಟ್ಟೆಗೆ ಏನೂ ಬೀಳದ ಮಗು ತಾಯಿಯ ಹಾಲನ್ನೂ ಬೇಡ ಎನ್ನುವುದೆಂದರೆ? ಅಂಥ ಮಕ್ಕಳನ್ನು ಅವನು ಡಿಸ್ಪೆನ್ಸರಿಯಲ್ಲಿ ನೋಡಿದ್ದ. ಮರ್ಯಾದೆ, ಪಟ್ಟಿ, ಉಪದೇಶ ಎಲ್ಲ ಒಮ್ಮೆಗೇ ಮರೆತುಹೋಯಿತು.

“ವಿನೋದಾ, ನಾನು ಡಾಕ್ಟ್ರನ್ನು ಕರೀತೇನೆ. ಅವಳು ತಿನ್ಲಿಲ್ಲ. ಮಣ್ಣಿ ನಾನು ತಿಂದದ್ದು. ಎರಡು ಬಟ್ಟಲೂ ನಾನೇ ತಿಂದೆ. ನೀನು ಕೆಲಸ ಬಿಡ್ತೀಯಾ ಅಂತ ಹೆದರಿ... ಮಗುವನ್ನು ಇಡೀ ದಿನ ಉಪವಾಸ ಹಾಕಿದೆ ನಾನು, ಪಾಪಿ!”

ಅವನು ಅಂಗಿ ಹುಡುಕುತ್ತಾ ಬಾಗಿಲಿಗೆ ಓಡಿದ. ಬಾಗಿಲಲ್ಲಿ ಅಮ್ಮಣಿ ಅಜ್ಜಿ, ಬೀಯಮ್ಮ ಇಬ್ಬರೂ ನಿಂತಿದ್ದರು. ಡೊಂಬಯ್ಯನೂ ಯಾವುದೋ ನೆಪದಲ್ಲಿ ಬಂದಿದ್ದ. ಮೂವರೂ ಕುಂಬಳಕಾಯಿ ಕಳ್ಳರ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದರು.

“ಉಪವಾಸ ಎಂತದು ಮಗಾ,” ಎಂದರು ಅಜ್ಜಿ ಮೆಲ್ಲಗೆ. “ಬೆಳಿಗ್ಗೆ ನುರಿದ ಗಂಜಿ ಕೊಟ್ಟಿದ್ದೆ. ಒಂದು ತೆಂಗಿನ ಚಿಪ್ಪು ತುಂಬ.”

“ನಾನು ಅಕ್ಕಿರೊಟ್ಟಿ, ನಮ್ಮ ಪತ್ತಿರ್, ತೆಂಗಿನ ಹಾಲಲ್ಲಿ ನೆನೆಸಿ ಕೊಟ್ಟೆ,” ಎಂದಳು ಬೀಯಮ್ಮ. “ನನ್ನ ಬೆರಳು ಕೂಡ ತಿಂತಿದ್ದಳು.”

ಡೊಂಬಯ್ಯ ಗಂಟಲು ಸರಿ ಮಾಡಿಕೊಂಡ. “ಇಡ್ಲಿ. ಹಾಲಲ್ಲಿ ಹಿಸುಕಿದ್ದು. ಒಂದೇ ಒಂದು. ಮತ್ತೆ ಅರ್ಧ.”

ಲೋಕನಾಥನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಹೊಟ್ಟೆ ತುಂಬಿದ ಮಗು ಬ್ರಹ್ಮ ಬಂದರೂ ಬಾಯಿ ತೆರೆಯುವುದಿಲ್ಲ! “ಯಾರು ಹೇಳಿದ್ದು ನಿಮಗೆ ಕೊಡ್ಲಿಕ್ಕೆ?”

“ಅವಳೇ,” ಎಂದು ಮೂವರೂ ವಿನೋದಾಳ ಕಡೆ ಕೈ ತೋರಿಸಿದರು. ಮತ್ತೆ ಮೂವರೂ ಒಬ್ಬರನ್ನೊಬ್ಬರು ನೋಡಿದರು, “ನಿಮಗೂ ಹೇಳಿದ್ಳಾ?”

ವಿನೋದಾ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. “ನಿನ್ನೆ ಎಲ್ಲರಿಗೂ ಹೇಳಿಟ್ಟಿದ್ದೆ. ನಿಮ್ಮ ಪಟ್ಟಿ ನಂಬಿ ನನ್ನ ಮಗುವನ್ನು ಬಿಟ್ಟು ಹೋಗ್ಲಿಕ್ಕೆ ಆಗ್ತದಾ? ಬೇರೆಯವರ ಕೈಯಲ್ಲಿ ತಿಂತಾಳಾ ಅಂತ ನನಗೆ ಗೊತ್ತಾಗಬೇಕಿತ್ತು. ಗೊತ್ತಾಯ್ತು. ಆದರೆ ಹಾಲು ಬೇಡ ಅಂದದ್ದು ಮಾತ್ರ...”

“ಹಾಗಾದರೆ ಆ ಮಣ್ಣಿ ಯಾಕೆ ಮಾಡಿದ್ದು?”

“ಹತ್ತು ತಿಂಗಳ ಮಗುವಿಗೆ ಯಾರಾದರೂ ಕಂಚಿನ ಬಟ್ಟಲು ತುಂಬ ಮಣ್ಣಿ ಮಾಡ್ತಾರಾ? ಊರಿಗೆಲ್ಲ ಲೆಕ್ಕ ಹೇಳುವವರು ನೀವು! ಅದು ನಿಮಗೆ ಮಾಡಿದ್ದು. ಊಟ ಮಾಡಿಟ್ಟರೆ ನೀವು ಪಟ್ಟಿ ನೋಡ್ತಾ ಮುಟ್ಟುದೂ ಇಲ್ಲ. ಮಣ್ಣಿಯಾದರೆ ಚೆಲ್ಲುದಿಲ್ಲ ಅಂತ ಗೊತ್ತಿತ್ತು.”

ಅಜ್ಜಿ ನಕ್ಕು ನಕ್ಕು ಕೆಮ್ಮಿದರು. ಆ ಗಲಾಟೆಯಲ್ಲಿ ಶಶಿ ಅಮ್ಮನ ಸೆರಗಿನೊಳಗೆ ತಲೆ ತೂರಿಸಿ, ಎಲ್ಲ ಊಟದ ಮೇಲೆ ನಾಲ್ಕು ಗುಟುಕು ಹಾಲು ಕುಡಿದಳು. ಮೊದಲು ಊಟ, ಮತ್ತೆ ಹಾಲು. ವಿನೋದಾ ಯಾರಿಗೂ ಕಾಣದ ಹಾಗೆ ಮಗುವಿನ ನೆತ್ತಿಯನ್ನು ಮೂಸಿದಳು.

ಸೋಮವಾರ ಅವಳು ನೀಲಿ ಅಂಚಿನ ಸೀರೆ ಉಟ್ಟು ಕೆಲಸಕ್ಕೆ ಹೋದಳು. ಮಧ್ಯಾಹ್ನ ಲೋಕನಾಥ ಮನೆಗೆ ಬಂದಾಗ ಗೋಡೆಯ ಪಟ್ಟಿಯಲ್ಲಿ ಕೊನೆಯ ಸಾಲು ಹೊಡೆದುಹಾಕಿತ್ತು. ಅದರ ಕೆಳಗೆ ಟೀಚರ ದುಂಡಗಿನ ಅಕ್ಷರ: “ಒಂದಕ್ಕೆ, ಅಪ್ಪನಿಗೆ ಮಣ್ಣಿ.”

ಬೀಯಮ್ಮನ ಜಗಲಿಯಲ್ಲಿ ಶಶಿ ಚಿಪ್ಪಿನ ಗಂಜಿಯನ್ನು ಚಪ್ಪರಿಸಿ ತಿನ್ನುತ್ತಿದ್ದಳು. ಅಮ್ಮನ ನೆನಪೇ ಇದ್ದ ಹಾಗಿಲ್ಲ. ಲೋಕನಾಥ ಬಟ್ಟಲಿನ ಮುಚ್ಚಳ ತೆಗೆದ. ಅದೇ ಬಾಳೆಕಾಯಿ ಹುಡಿ, ಅದೇ ತುಪ್ಪ. ಅಡುಗೆಮನೆಯಲ್ಲಿ ಸೌಟಿನ ಸದ್ದಿಲ್ಲ, ಪಾಠದ ಸ್ವರವಿಲ್ಲ. ಒಂದು ಚಮಚ ಬಾಯಿಯ ಹತ್ತಿರ ತಂದು ಪುನಃ ಬಟ್ಟಲಿಗೇ ಹಾಕಿದ. ಬಟ್ಟಲು ಆಚೆ ಸರಿಸಿ ಬಸ್ಸು ಬರುವ ದಾರಿಯನ್ನೇ ನೋಡುತ್ತಾ ಕೂತ.

ಬೇಲಿಯಾಚೆಯಿಂದ ಅಮ್ಮಣಿ ಅಜ್ಜಿಯ ಸ್ವರ ಕೇಳಿತು. “ಬೀಯಮ್ಮಾ, ಸಣ್ಣದಕ್ಕೆ ಅಭ್ಯಾಸ ಆಯ್ತು. ಆ ಚಿಪ್ಪು ಹಿಡ್ಕೊಂಡು ಈಚೆ ಬಾ. ದೊಡ್ಡದು ಬಾಯಿ ತೆರೀತಾ ಇಲ್ಲ.”